ದುಶ್ಯಾಸನ ಕುಡಿಯಬಾರದು

ಚಳ್ಳಕೆರೆಗೆ ಎಣ್ಣೆ ನಗರ ಅಂತ ಇನ್ನೊಂದು ಹೆಸರಿದೆ. ಬೆಂಗಳೂರಿನ ಆಫೀಸಿನಲ್ಲಿ ಈ ಮಾತು ಹೇಳಿ ನೋಡಿ, ಅರ್ಧ ಜನ ಮುಸಿಮುಸಿ ನಗ್ತಾರೆ, ಇನ್ನರ್ಧ ಜನ ವೀಕೆಂಡಿಗೆ ಹೋಗೋಣವಾ ಅಂತಾರೆ. ಹೆಸರು ಬಂದಿದ್ದು ಶೇಂಗಾ ಎಣ್ಣೆಯಿಂದ. ಮಳೆ ಕಮ್ಮಿ ಬೀಳುವ ಸೀಮೆ, ಹೊಲದಲ್ಲಿ ಶೇಂಗಾ, ಪೇಟೆಯಲ್ಲಿ ಎಣ್ಣೆ ಮಿಲ್ಲು. ಆದರೆ ನಾನು ಬರೆಯಹೊರಟಿರೋದು ಬಾಟಲಿ ಎಣ್ಣೆ ಬಗ್ಗೆ. ಅದನ್ನು ಹಾಕಿಕೊಂಡು ರಾತ್ರಿಯಿಡೀ ಆಡಿದ ಒಂದು ಕುರುಕ್ಷೇತ್ರ ನಾಟಕದ ಬಗ್ಗೆ.

ಈ ಜಾತಿಯ ನಾಟಕದ ತುಣುಕುಗಳು ನಿಮ್ಮ ಫೋನಿಗೂ ಬಂದಿರುತ್ತವೆ. ಕಿರೀಟ ವಾಲಿದ ದುರ್ಯೋಧನ, ಸಿಂಹಾಸನದಲ್ಲೇ ಗೊರಕೆ ಹೊಡೆಯುವ ಭೀಮ, ಮೈಕಿಗೆ ಕೈಮುಗಿಯುವ ಧರ್ಮರಾಯ. ಮೂವತ್ತು ಸೆಕೆಂಡು ನೋಡ್ತೀವಿ, ನಗುವ ಎಮೋಜಿ ಹಾಕಿ ಕಾಲೇಜ್ ಗ್ರೂಪಿಗೆ ದಬ್ಬುತ್ತೀವಿ. ಮೂವತ್ತು ಸೆಕೆಂಡಿನ ಹಿಂದೆ ಮುಂದೆ ಎಂಟು ಗಂಟೆ ನಾಟಕ ಇರುತ್ತೆ ಅನ್ನೋದು ಯಾರಿಗೂ ಬೇಕಿಲ್ಲ. ನನಗೆ ಆ ಎಂಟು ಗಂಟೆ ಬೇಕಿತ್ತು. ನಮ್ಮ ಟೀಮಿನ ಹುಡುಗನೊಬ್ಬನ ಊರು ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗಿದೆ. ಅವನ ದೊಡ್ಡಪ್ಪನೇ ಆ ವರ್ಷದ ದುರ್ಯೋಧನ. "ಬಾ ಗುರು, ಪಕ್ಕಾ ಎಣ್ಣೆ ನಾಟಕ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗ್ತೈತೆ" ಅಂದ. ಬೆಂಗಳೂರಿಂದ ಇನ್ನೂರು ಕಿಲೋಮೀಟರ್ ಚಿಲ್ಲರೆ. ಹೋದೆ. ಊರಿನ ಹೆಸರು ಬರೆಯಲ್ಲ, ಅಲ್ಲಿ ನಡೆದದ್ದು ಬೇರೆ ಊರಲ್ಲೂ ನಡೆಯುತ್ತೆ. ಹಾಗಂತ ಆ ಸೀಮೆಯಲ್ಲಿ ಎಲ್ಲರೂ ಕುಡಿದೇ ಆಡ್ತಾರೆ ಅಂತ ತಿಳಿಯಬೇಡಿ. ಹನಿ ಮುಟ್ಟದೆ, ಚಪ್ಪಲಿ ಬಿಟ್ಟು, ಸ್ಟೇಜಿಗೆ ನಮಸ್ಕಾರ ಹಾಕಿ ಹತ್ತುವವರೂ ಅಲ್ಲೇ ಇದ್ದಾರೆ. ಆ ರಾತ್ರಿಯೂ ಇದ್ದರು.

ಮೊದಲು ಈ ನಾಟಕದ ಲೆಕ್ಕಾಚಾರ ಗೊತ್ತಿರಬೇಕು, ಇಲ್ಲದಿದ್ದರೆ ನಗು ಎಲ್ಲಿಂದ ಬರ್ತಿದೆ ಅಂತ ತಿಳಿಯಲ್ಲ. ಬೆಂಗಳೂರಿನಲ್ಲಿ ನಟನಿಗೆ ದುಡ್ಡು ಕೊಡ್ತಾರೆ, ಕೊಡದಿದ್ದರೂ ಕೊಡ್ತೀವಿ ಅಂತಾದರೂ ಹೇಳ್ತಾರೆ. ಇಲ್ಲಿ ನಟನೇ ದುಡ್ಡು ಕೊಟ್ಟು ಪಾತ್ರ ತಗೋತಾನೆ. ಕೃಷ್ಣ, ದುರ್ಯೋಧನ, ಭೀಮ ದುಬಾರಿ. ವಿದುರ, ಸಾತ್ಯಕಿ ಅಗ್ಗ. ಆ ದುಡ್ಡಲ್ಲಿ ಡ್ರಾಮಾ ಮೇಷ್ಟ್ರು, ತಬಲಾ, ಬಾಡಿಗೆ ಸೀನರಿ, ಡ್ರೆಸ್ಸು, ಲೈಟು, ಮೈಕು ಎಲ್ಲಾ ಆಗಬೇಕು. ಮೇಷ್ಟ್ರು ತಿಂಗಳುಗಟ್ಟಲೆ ಸಂಜೆ ಹೊತ್ತು ಹಾರ್ಮೋನಿಯಂ ಇಟ್ಟುಕೊಂಡು ಒಬ್ಬೊಬ್ಬನಿಗೂ ಕಂದ, ಪದ್ಯ, ಮಾತು ಬಾಯಿಪಾಠ ಮಾಡಿಸ್ತಾರೆ. ಹೊಲದಿಂದ ಬಂದವನು, ಟ್ರ್ಯಾಕ್ಟರ್ ಇಳಿದು ಬಂದವನು, ಸೊಸೈಟಿಯಲ್ಲಿ ಲೆಕ್ಕ ಬರೆಯೋನು, ಎಲ್ಲರೂ ಸಾಲಾಗಿ ಕೂರಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆ ಮೇಲೆ ಅಶೋಕ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಬರೆಸಿಟ್ಟ ಶಾಸನ ಇದೆ. ತಂದೆ ತಾಯಿ ಮಾತು ಕೇಳಿ, ಸತ್ಯ ಹೇಳಿ, ಶಿಷ್ಯ ಗುರುವಿಗೆ ಗೌರವ ಕೊಡಲಿ ಅಂತ ಅದರ ಸಾರ. ಡ್ರಾಮಾ ಮೇಷ್ಟ್ರ ಪಾಡು ನೋಡಿದಾಗ ಆ ಕೊನೆಯ ಮಾತನ್ನು ಇನ್ನೊಂದು ಸಲ ಕೆತ್ತಿಸಬೇಕು ಅನ್ನಿಸಿತು.

ಹೆಣ್ಣು ಪಾತ್ರದ ಲೆಕ್ಕ ಮಾತ್ರ ಉಲ್ಟಾ. ದ್ರೌಪದಿ, ಕುಂತಿ, ಗಾಂಧಾರಿ, ಉತ್ತರೆ ಇವರೆಲ್ಲ ಹೊರಗಿನಿಂದ ಬರುವ ಕಲಾವಿದೆಯರು. ಅವರಿಗೆ ಊರವರು ಸಂಭಾವನೆ ಕೊಡಬೇಕು. ಒಬ್ಬರೇ ಎರಡು ಮೂರು ಪಾತ್ರ ನಿಭಾಯಿಸ್ತಾರೆ. ತಿಂಗಳ ಪ್ರಾಕ್ಟೀಸಿಗೆ ಅವರು ಬಂದಿರಲ್ಲ, ನಾಟಕದ ದಿನ ಬಸ್ಸಿಳಿದು ನೇರ ಬಣ್ಣ ಹಚ್ಚಿಕೊಳ್ತಾರೆ. ಹಾಗಾಗಿ ಸ್ಟೇಜಿನ ಮೇಲಿರುವ ಗಂಡಸರು ಆಟಕ್ಕೆ ಬಂದವರು, ಹೆಂಗಸರು ಕೆಲಸಕ್ಕೆ ಬಂದವರು. ಇದೊಂದು ನೆನಪಿರಲಿ.

ಇನ್ನು ಕುಡಿತ. ಕುಡಿತಕ್ಕೂ ನಾಟಕಕ್ಕೂ ಹಳೇ ನಂಟು. ಏಳನೇ ಶತಮಾನದಲ್ಲಿ ಪಲ್ಲವರ ಮಹೇಂದ್ರವರ್ಮ ಬರೆದ 'ಮತ್ತವಿಲಾಸ' ಅನ್ನೋ ಸಂಸ್ಕೃತ ಪ್ರಹಸನದಲ್ಲಿ ಕುಡಿದ ಕಾಪಾಲಿಕನೊಬ್ಬ ತನ್ನ ಕಪಾಲ ಕಳಕೊಂಡು ಕಂಚಿಯ ಬೀದಿಯೆಲ್ಲಾ ಜಗಳ ಕಾಯ್ತಾನೆ, ಕೊನೆಗೆ ನೋಡಿದರೆ ಅದನ್ನು ಕಚ್ಚಿಕೊಂಡು ಹೋಗಿದ್ದು ನಾಯಿ. ಅಲ್ಲಿ ಕುಡಿದಿರೋದು ಪಾತ್ರ. ನಟ ನಿಜವಾಗಿ ಕುಡಿಯೋದು ಈಚಿನ ಫ್ಯಾಷನ್. ನ್ಯೂಯಾರ್ಕಿನಲ್ಲಿ 'ಡ್ರಂಕ್ ಶೇಕ್ಸ್‌ಪಿಯರ್' ಅಂತ ಒಂದು ಶೋ ಇದೆ. ಶುರುವಿನಲ್ಲೇ ಒಬ್ಬ ನಟ ಎಲ್ಲರೆದುರು ಐದು ಶಾಟ್ ಏರಿಸ್ತಾನೆ, ಆಮೇಲೆ ಮುಖ್ಯ ಪಾತ್ರ ಮಾಡ್ತಾನೆ. ಮಿಕ್ಕವರು ಅವನನ್ನು ಹಿಡಿದು ಎಳೆದು ನಾಟಕ ದಡ ಸೇರಿಸ್ತಾರೆ. ಲಂಡನ್ನಿನಲ್ಲೂ ಇಂಥದೇ ಒಂದು ತಂಡ ಇದೆ. ಎರಡು ಕಡೆಯೂ ಕುಡಿಯೋನು ಒಬ್ಬ, ಎಚ್ಚರ ಇರೋರು ಹಲವರು. ನಮ್ಮ ಊರಿನ ನಾಟಕದಲ್ಲಿ ಇದಕ್ಕೆ ನಿಯಮ ಇಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಪ್ಯಾಕೆಟ್ಟಿನ ಕಾಲ ಮುಗೀತು. ಈಗ ಜೇಬಲ್ಲಿ ಟೆಟ್ರಾ ಪ್ಯಾಕ್. ಸೈಡ್ ವಿಂಗಿನ ಹಿಂದೆ ಖಾಲಿ ಡಬ್ಬಿಗಳ ರಾಶಿ ನೋಡಿದರೆ ಕೌರವರ ಸೈನ್ಯ ಹನ್ನೊಂದು ಅಕ್ಷೋಹಿಣಿ ಇದ್ದದ್ದು ನಿಜ ಅನ್ನಿಸುತ್ತೆ.

ಈಗ ಪ್ರದರ್ಶನ. ಹತ್ತು ಗಂಟೆಗೆ ಅಂತ ಕರಪತ್ರದಲ್ಲಿತ್ತು, ಗಣ್ಯರ ಭಾಷಣ, ಸನ್ಮಾನ ಮುಗಿದು ಪರದೆ ಎದ್ದಾಗ ಹನ್ನೊಂದೂವರೆ. ಮೊದಲ ಮೂರು ಗಂಟೆ ನಿಜವಾಗಲೂ ಚೆನ್ನಾಗಿತ್ತು. ಉಪಚಾರಕ್ಕೆ ಹೇಳ್ತಿಲ್ಲ. ನಾನು ರೊಕ್ಕ ಕೊಟ್ಟು ನೋಡಿದ ಎಷ್ಟೋ ಸ್ಟ್ಯಾಂಡ್‌ಅಪ್ ಶೋಗಳಿಗಿಂತ ಚುರುಕಾಗಿತ್ತು.

ದೊಡ್ಡಪ್ಪ ದುರ್ಯೋಧನನಾಗಿ ಬಂದರು. ಮೀಸೆ, ಎದೆ, ಗತ್ತು ಎಲ್ಲಾ ಇತ್ತು. ಕಾಲು ಸ್ವಲ್ಪ ಸ್ವಂತ ವಿಚಾರದ್ದಾಗಿತ್ತು. ಎರಡನೇ ಪದ್ಯದ ಮೊದಲ ಸಾಲು ಹಾಡಿದರು, ಮುಂದಿನ ಸಾಲು ಹೋಯ್ತು. ಗಾಬರಿಯಾಗಲಿಲ್ಲ. ಆಲಾಪ ಎಳೆದರು, ಎಳೆದರು, ಎಳೆದರು. ಮೇಷ್ಟ್ರು ಹಾರ್ಮೋನಿಯಂನಲ್ಲೇ ಸಾಲು ಎತ್ತಿಕೊಟ್ಟರೂ ಸಿಗಲಿಲ್ಲ. ಆಗ ಚಾಪೆ ಮೇಲೆ ಕೂತಿದ್ದ ಒಬ್ಬ ಅಜ್ಜ ಕೂತಲ್ಲಿಂದಲೇ ಆ ಸಾಲನ್ನು ಶ್ರುತಿ ಸಮೇತ ಹಾಡಿಬಿಟ್ಟ. ದುರ್ಯೋಧನ ಅಜ್ಜನಿಗೆ ಕೈಮುಗಿದು, ರಾಗ ಬಿಡದೆ ಮುಂದಕ್ಕೆ ಹೋದರು. ಜನ "ಒನ್ಸ್ ಮೋರ್" ಅಂತ ಕೂಗಿದರು. ಎರಡನೇ ಸಲ ಪೂರ್ತಿ ಹಾಡಿದರು, ತಪ್ಪಿಲ್ಲದೆ.

ಈ ನಗುವಿನ ಗುಣವೇ ಬೇರೆ. ನಗ್ತಿದ್ದವರಿಗೆ ಪದ್ಯ ಗೊತ್ತಿತ್ತು. ಆ ಅಜ್ಜ ಹಿಂದೆ ದುರ್ಯೋಧನನ ಪಾತ್ರ ಮಾಡಿದವನಂತೆ, ಅವನ ಪಕ್ಕದವನು ಕರ್ಣನಂತೆ. ತಪ್ಪಿದ ಸಾಲು ಯಾವುದು ಅಂತ ಊರಿಗೆಲ್ಲಾ ಗೊತ್ತಿದ್ದಾಗ ಹುಟ್ಟುವ ನಗು, ರೀಲ್ಸ್ ನೋಡಿ ನಾವು ನಗುವ ನಗುವಲ್ಲ. ನಮಗೆ ಕುಡುಕ ಕಾಣ್ತಾನೆ, ಅವರಿಗೆ ಕುಡಿದ ದುರ್ಯೋಧನ ಕಾಣ್ತಾನೆ. ಅವರ ನಗುವಿನಲ್ಲಿ ನಾಟಕವೂ ಇದೆ.

ಅಭಿಮನ್ಯು ಸತ್ತು ಬಿದ್ದಿದ್ದಾಗ ಮೈಕಿನಲ್ಲಿ ಮುಯ್ಯಿ ಕೂಗಿದರು, ಯಾರೋ ಮಾವ ಐನೂರು ರೂಪಾಯಿ ಮತ್ತು ಒಂದು ಹಾರ. ಅಭಿಮನ್ಯು ಎದ್ದ, ಹಾರ ಹಾಕಿಸಿಕೊಂಡ, ಮಾವನ ಕಾಲಿಗೆ ಬಿದ್ದ, ವಾಪಸ್ ಬಂದು ಮೊದಲಿನ ಭಂಗಿಯಲ್ಲೇ ಸತ್ತ. ಉತ್ತರೆ ಅಳು ನಿಲ್ಲಿಸಿದ್ದ ಜಾಗದಿಂದಲೇ ಮತ್ತೆ ಶುರು ಮಾಡಿದಳು. ಎರಡು ನಿಮಿಷದಲ್ಲಿ ನನ್ನ ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ನಗಿಸಿ, ಕೂಡಲೇ ಅಳಿಸೋದು ಸುಲಭದ ಮಾತಲ್ಲ. ಅಳಿಸಿದ್ದು ಯಾರು ನೋಡಿ: ಬಸ್ಸಿಳಿದು ಬಂದ ಉತ್ತರೆ.

ಆ ರಾತ್ರಿ ಎಲ್ಲರಿಗಿಂತ ಹೆಚ್ಚು ನಗಿಸಿದ್ದು ಶಕುನಿ. ಒಂದು ಕಾಲು ಕುಂಟು ಹಾಕುತ್ತಾ, ದಾಳವನ್ನು ಅಂಗೈಯಲ್ಲಿ ಉಜ್ಜುತ್ತಾ, ಅಳಿಯನ ತೂರಾಟಕ್ಕೆಲ್ಲಾ ಸ್ಥಳದಲ್ಲೇ ಒಂದೊಂದು ಮಾತು ಜೋಡಿಸ್ತಿದ್ದರು. ದುರ್ಯೋಧನ ಸಿಂಹಾಸನ ತಪ್ಪಿ ಪಕ್ಕಕ್ಕೆ ಕೂತಾಗ "ಅಳಿಯಾ, ಹಸ್ತಿನಾವತಿ ಎಡಗಡೆಗೈತೆ, ನೀನು ಕೂತಿರೋದು ರಾಯದುರ್ಗದಾಗೆ" ಅಂದರು. ಗಡಿ ತಾಲ್ಲೂಕಿನ ಜನಕ್ಕೆ ಬೇರೆ ಜೋಕ್ ಬೇಕಾ? ಐದು ನಿಮಿಷ ನಾಟಕ ನಿಂತಿತು. ಆಮೇಲೆ ವಿಚಾರಿಸಿದೆ. ಶಕುನಿ ಮಾಡಿದವರು ಎಣ್ಣೆ ಮುಟ್ಟುವವರೇ ಅಲ್ಲ. ನ್ಯೂಯಾರ್ಕಿನವರು ನಿಯಮ ಮಾಡಿ ಕಂಡುಕೊಂಡಿದ್ದನ್ನು ಇವರು ಅನುಭವದಿಂದ ಕಂಡುಕೊಂಡಿದ್ದರು. ಕುಡುಕ ಬೀಳ್ತಾನೆ ಅಷ್ಟೇ, ಆ ಬೀಳುವಿಕೆಯನ್ನು ಹಾಸ್ಯ ಮಾಡೋಕೆ ಪಕ್ಕದಲ್ಲಿ ಎಚ್ಚರ ಇರೋನು ಬೇಕು.

ಇಷ್ಟಕ್ಕೇ ನಿಂತಿದ್ದರೆ ನಾನೂ ಸಂತೋಷವಾಗಿ ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟು ಮುಗಿಸ್ತಿದ್ದೆ.

ಪಗಡೆ ಸೀನು, ಅದರ ಹಿಂದೆ ವಸ್ತ್ರಾಪಹರಣ. ಕಥೆಯ ಕ್ರಮದಲ್ಲಿ ಇದು ಯುದ್ಧಕ್ಕೆ ಎಷ್ಟೋ ಮುಂಚೆ ಬರಬೇಕು. ಆದರೆ ಜನ ಎದ್ದು ಹೋಗದಿರಲಿ ಅಂತ ರಾತ್ರಿ ಮೂರಕ್ಕೆ ಇಟ್ಟಿದ್ದರು, ಹಿಂದಿನ ನೆನಪು ಅಂತ ಮೈಕಲ್ಲಿ ಹೇಳಿ. ದುಶ್ಯಾಸನ ಇಪ್ಪತ್ತೈದರ ಹುಡುಗ. ಸ್ಟೇಜಿನ ಮುಂದೆ ಅವನ ಗೆಳೆಯರ ಗುಂಪು, ಹತ್ತು ಹದಿನೈದು ಫೋನು ಮೇಲೆದ್ದಿವೆ. "ಎಳಿಯಲೇ", "ಬಿಡಬ್ಯಾಡಲೇ ಮಗಾ" ಅಂತ ಕೂಗು, ಶಿಳ್ಳೆ. ಹುಡುಗ ನಿಂತಲ್ಲಿ ನಿಲ್ಲಲಾಗದಷ್ಟು ಏರಿಸಿದ್ದ.

ಈ ಸೀನಿಗೆ ಒಂದು ವ್ಯವಸ್ಥೆ ಇರುತ್ತೆ. ದ್ರೌಪದಿ ಮೇಲೆ ಮೇಲೆ ಎರಡು ಮೂರು ಸೀರೆ ಸುತ್ತಿರುತ್ತಾರೆ, ಒಳಗಿನದು ಪಿನ್ ಹಾಕಿ ಬಿಗಿದಿರುತ್ತೆ. ದುಶ್ಯಾಸನ ಹೊರಗಿನ ಸೀರೆಯ ತುದಿ ಮಾತ್ರ ಹಿಡೀಬೇಕು, ತಬಲಾದ ಲೆಕ್ಕಕ್ಕೆ ಎಳೀಬೇಕು, ಆಕೆ ತಿರುಗಬೇಕು. ನೃತ್ಯದ ಹಾಗೆ ಎಣಿಕೆ ಅದು. ಹುಡುಗನಿಗೆ ಎಣಿಕೆ ಹೋಗಿತ್ತು. ತುದಿ ಹಿಡಿಯೋ ಕೈ ಭುಜಕ್ಕೆ ಹೋಯ್ತು. ಬಟ್ಟೆ ಹರಿದ ಸದ್ದು ಮೈಕಲ್ಲಿ ಕೇಳಿಸಿತು. ಮುಂದಿನ ಸಾಲಿನವರು ಇನ್ನೂ ಜೋರಾಗಿ ನಕ್ಕರು, ಅದೂ ನಾಟಕವೇ ಅಂದುಕೊಂಡು.

ಆಕೆ ಕಿರುಚಲಿಲ್ಲ. ಒಂದು ಕೈಯಲ್ಲಿ ಅವನ ಮಣಿಕಟ್ಟು ಹಿಡಿದುಕೊಂಡರು, ಹಿಂದೆ ಹಿಂದೆ ನಡೆದು ಮೇಷ್ಟ್ರ ಕಡೆ ಬಂದರು, ಇನ್ನೂ ಎರಡು ಪುಟ ಆಮೇಲೆ ಬರಬೇಕಿದ್ದ ಕೃಷ್ಣನ ಮೊರೆಯನ್ನು ತಾರಸ್ಥಾಯಿಯಲ್ಲಿ ಎತ್ತಿಬಿಟ್ಟರು. ಮೇಷ್ಟ್ರು ಒಂದು ಕ್ಷಣವೂ ತಡ ಮಾಡದೆ ಶ್ರುತಿ ಬದಲಿಸಿ ಹಿಡಿದುಕೊಂಡರು. ತಬಲಾದವನು ನಡೆ ಬದಲಿಸಿದ. ವಿಂಗಿನಲ್ಲಿದ್ದ ಶಕುನಿ ಕುಂಟೋದನ್ನು ಮರೆತು ಓಡಿಬಂದು "ಸಾಕು ಬಾರೋ ಅಳಿಯಾ" ಅಂತ ಹುಡುಗನ ಹೆಗಲ ಮೇಲೆ ಕೈಹಾಕಿ ಒಳಕ್ಕೆ ಕರಕೊಂಡು ಹೋದರು. ಸ್ಟೇಜಿನ ಮೇಲೆ ಆಕೆ ಒಬ್ಬರೇ. ಹಾಡಿದರು. ಶಿಳ್ಳೆ ನಿಂತಿತು. ಫೋನುಗಳು ಒಂದೊಂದಾಗಿ ಇಳಿದವು. ಹಾಡು ಮುಗಿದಾಗ ಒನ್ಸ್ ಮೋರ್ ಅನ್ನೋಕೆ ಯಾರಿಗೂ ಬಾಯಿ ಬರಲಿಲ್ಲ.

ಆ ರಾತ್ರಿಯ ಅತ್ಯುತ್ತಮ ಅಭಿನಯ ಅದು. ಹಾಗೆ ಹೇಳೋಕೆ ನನಗೆ ಸಂಕಟ ಆಗುತ್ತೆ. ಯಾಕಂದ್ರೆ ಅದರಲ್ಲಿ ಅಭಿನಯ ಎಷ್ಟು, ಆತ್ಮರಕ್ಷಣೆ ಎಷ್ಟು ಅಂತ ಬಿಡಿಸಿ ಹೇಳಲಾಗಲ್ಲ.

ಮಹಾಭಾರತದಲ್ಲಿ ಈ ಪ್ರಸಂಗ ನಿಂತಿರೋದು ಸೀರೆ ಮೇಲಲ್ಲ, ಒಂದು ಪ್ರಶ್ನೆ ಮೇಲೆ. ತನ್ನನ್ನೇ ಸೋತ ಗಂಡನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು ಅಂತ ದ್ರೌಪದಿ ಸಭೆಯನ್ನು ಕೇಳ್ತಾಳೆ. ಭೀಷ್ಮನಿಂದ ಹಿಡಿದು ದೊಡ್ಡ ದೊಡ್ಡವರೆಲ್ಲ ತಲೆ ತಗ್ಗಿಸ್ತಾರೆ. ನಾಟಕದಲ್ಲಿ ಆ ಸಭೆಯ ಜಾಗದಲ್ಲಿ ಯಾರಿದ್ದಾರೆ? ಚಾಪೆ ಹಾಸಿಕೊಂಡು ಕೂತ ನಾವು. ಸೀನು ಸರಿಯಾಗಿ ನಡೆದಿದ್ದರೆ ನಮಗೂ ತಲೆ ತಗ್ಗಬೇಕು. ಇಲ್ಲಿ ಸಭೆಯೇ ಎಳಿಯಲೇ ಅಂತಿತ್ತು. ಹಳೇ ಕೃತಿಯನ್ನು ಕುಡಿದು ಆಡಿ ನಗಿಸಬಹುದು, ಅದಕ್ಕೇನೂ ಆಗಲ್ಲ, ಗಟ್ಟಿ ಇದೆ. ಆದರೆ ಕೃತಿ ಯಾರನ್ನು ಕಾಪಾಡೋಕೆ ಆ ಸೀನು ಇಟ್ಟಿದೆಯೋ ಅವರ ಮೇಲೇ ನಗು ಬಿದ್ದಾಗ ಕೃತಿಯೂ ಹೋಯ್ತು, ಹಾಸ್ಯವೂ ಹೋಯ್ತು.

ಕನ್ನಡದಲ್ಲಿ ಮದ ಅನ್ನೋ ಒಂದೇ ಮಾತು ಸೊಕ್ಕಿಗೂ ಆಗುತ್ತೆ, ಅಮಲಿಗೂ ಆಗುತ್ತೆ. ದುರ್ಯೋಧನನಿಗೆ ಅದು ಹೊಂದುತ್ತೆ. ಕುಡಿದವನ ಗತ್ತು, ರಾಜನ ಗತ್ತು ಎರಡೂ ಬೆರೆತು ನಗು ಬರುತ್ತೆ, ಅಪಾಯ ಇಲ್ಲ. ಬಿದ್ದರೆ ತಾನೇ ಬೀಳ್ತಾನೆ. ದುಶ್ಯಾಸನನದು ಹಾಗಲ್ಲ. ಅವನ ಪಾತ್ರದ ಕೆಲಸವೇ ಇನ್ನೊಬ್ಬರ ಮೈಮೇಲೆ ಕೈಹಾಕೋದು. ಅಂಥ ಪಾತ್ರಕ್ಕೆ ಮದ ಇರಬೇಕು, ಪಾತ್ರಧಾರಿಗೆ ಇರಬಾರದು. ಪಾತ್ರದ ಕೈ ಬೇರೆ, ನನ್ನ ಕೈ ಬೇರೆ ಅನ್ನೋ ಎಚ್ಚರಕ್ಕೇ ನಟನೆ ಅನ್ನೋದು.

ಬೆಳಗ್ಗೆ ಆರಕ್ಕೆ ಟೀ ಅಂಗಡಿ ಹತ್ತಿರ ಆಕೆ ಸಿಕ್ಕರು. ಬಣ್ಣ ಅರ್ಧ ತೊಳೆದಿದ್ದರು, ಪಕ್ಕದಲ್ಲಿ ಬ್ಯಾಗು. ಚೆನ್ನಾಗಿ ಹಾಡಿದ್ರಿ ಅಕ್ಕಾ ಅಂದೆ. "ಹೂಂ ಕಣಪ್ಪ" ಅಂದರು. ಆ ಹುಡುಗನ ವಿಷಯ ನಾನು ಎತ್ತಲಿಲ್ಲ, ಅವರೇ ಎತ್ತಿದರು. "ಕುಡುದೋರು ಅವರ ಪಾತ್ರ ಮರೀತಾರೆ. ನಾವು ನಮ್ಮದೂ ಅವರದೂ ಎರಡೂ ನೆನಪಿಟ್ಕಬೇಕು. ಸಂಬಳ ಮಾತ್ರ ಒಂದೇ." ನಕ್ಕರು. ರಾತ್ರಿಯೆಲ್ಲಾ ಕೇಳಿದ ಜೋಕುಗಳಲ್ಲಿ ಇದೇ ಒಳ್ಳೇದು, ಆದರೆ ನನಗೆ ನಗು ಬರಲಿಲ್ಲ. ಮುಂದಿನ ನಾಟಕ ಎಲ್ಲಿ ಅಂತ ಕೇಳಿದೆ. ಅದೇ ದಿನ ರಾತ್ರಿ, ಇನ್ನೊಂದು ಊರು, ಮತ್ತೆ ದ್ರೌಪದಿ.

ಈ ಹೆಂಗಸರನ್ನು ನಾವು ಬಾಡಿಗೆ ಪಾತ್ರದವರು ಅಂತ ಒಂದು ಮಾತಲ್ಲಿ ಮುಗಿಸಿಬಿಡ್ತೀವಿ. ಮೊಳಕಾಲ್ಮೂರು ದಾಟಿದರೆ ಬಳ್ಳಾರಿ ಸೀಮೆ, ಅಲ್ಲಿ ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ' ಅಂದರೆ ಇವತ್ತಿಗೂ ಜನ ಸೇರ್ತಾರೆ. ಆ ನಾಟಕದ ದ್ರೌಪದಿಯಾಗಿ ಸುಭದ್ರಮ್ಮ ಮನ್ಸೂರು ಮಾಡಿದ ಹೆಸರು ಸಣ್ಣದಲ್ಲ. ಕುರುಕ್ಷೇತ್ರದ ಊರಿಂದೂರಿಗೆ ಬಸ್ಸು ಹತ್ತುವವರು ಅದೇ ಕಸುಬಿನವರು. ಅವರ ಹೆಸರು ಕರಪತ್ರದಲ್ಲಿ ಸಣ್ಣ ಅಕ್ಷರದಲ್ಲಿ, ಮೈಕು ಸೆಟ್ಟಿನವನ ಹೆಸರಿನ ಪಕ್ಕ ಇರುತ್ತೆ.

ಹಾಗಾದರೆ ಇಂಥ ನಾಟಕ ನಿಲ್ಲಿಸಬೇಕಾ? ಪಕ್ಕದ ಆಂಧ್ರದಲ್ಲಿ ಒಂದು ಉದಾಹರಣೆ ಇದೆ. ಕಾಳ್ಳಕೂರಿ ನಾರಾಯಣರಾವ್ ಅವರ 'ಚಿಂತಾಮಣಿ' ಸುಮಾರು ನೂರು ವರ್ಷದ ಹಿಂದಿನ ತೆಲುಗು ನಾಟಕ, ವೇಶ್ಯಾವಾಟಿಕೆ ವಿರುದ್ಧ ಬರೆದದ್ದು. ಆಡುತ್ತಾ ಆಡುತ್ತಾ ಅದರಲ್ಲಿ ಸುಬ್ಬಿಶೆಟ್ಟಿ ಅನ್ನೋ ಪಾತ್ರದ ಪೋಲಿ ಹಾಸ್ಯವೇ ಬೆಳೆದು ನಿಂತಿತು. ಆ ಸಮುದಾಯದವರು ಬೇಸರಪಟ್ಟರು, 2022ರ ಜನವರಿಯಲ್ಲಿ ಅಲ್ಲಿನ ಸರ್ಕಾರ ನಾಟಕವನ್ನೇ ನಿಷೇಧಿಸಿತು. ಹಾಸ್ಯ ಅಳತೆ ಮೀರಿದಾಗ ನಾಟಕದವರೇ ಕತ್ತರಿ ಹಿಡಿಯದಿದ್ದರೆ ಸರ್ಕಾರ ಕೊಡಲಿ ಹಿಡಿಯುತ್ತೆ. ಆಗ ಹಾಡೂ ಹೋಗುತ್ತೆ, ಹಾಡಿ ಬದುಕುವವರ ಹೊಟ್ಟೆಪಾಡೂ ಹೋಗುತ್ತೆ. ನಿಷೇಧದಿಂದ ಮೊದಲು ಮನೆಗೆ ಹೋಗೋದು ಪಾತ್ರ ಕೊಂಡ ಹುಡುಗನಲ್ಲ, ದ್ರೌಪದಿ ಮಾಡುವ ಅಕ್ಕ.

ಬೇಕಿರೋದು ಸಣ್ಣ ಕತ್ತರಿ. ಮೇಷ್ಟ್ರು ಪಾತ್ರ ಹಂಚುವ ದಿನವೇ ಒಂದು ಮಾತು ಹೇಳಿದರೆ ಸಾಕು. ದುರ್ಯೋಧನ ಕುಡೀತಾನಾ, ಅವನ ಹಣೆಬರಹ, ಪಕ್ಕದಲ್ಲಿ ಎಚ್ಚರ ಇರುವ ಶಕುನಿ ಇರಲಿ. ಭೀಮ ಮಲಗ್ತಾನಾ, ಮಲಗಲಿ. ಹೆಣ್ಣು ಪಾತ್ರ ಮುಟ್ಟುವ ಸೀನಿರುವವನು ಮಾತ್ರ ಕುಡಿದಿದ್ದರೆ ಆ ಸೀನಿಗೆ ಪರದೆ ಏಳಲ್ಲ, ಅವನು ಪಾತ್ರಕ್ಕೆ ಎಷ್ಟೇ ದುಡ್ಡು ಸುರಿದಿರಲಿ. ಮ್ಯಾಸಬೇಡರ ಹಳೇ ಕಟ್ಟುಪಾಡಿನಲ್ಲಿ ಹೆಂಡವೇ ನಿಷಿದ್ಧ. ಅದನ್ನು ಕಾಪಾಡಿಕೊಂಡು ಬಂದ ಹಿರಿಯರು ಆ ಸೀಮೆಯಲ್ಲಿ ಇನ್ನೂ ಇದ್ದಾರೆ. ಕಟ್ಟು ಮಾಡೋದು, ಮಾಡಿದ ಕಟ್ಟಿಗೆ ನಿಲ್ಲೋದು ಆ ಊರುಗಳಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ನಮ್ಮ ಕಡೆಯಿಂದಲೂ ಒಂದಿಷ್ಟಿದೆ. ಬೇಸಿಗೆಯಲ್ಲಿ ಒಂದು ಶನಿವಾರ ಹೊರಡಿ. ಹೋಗುವಾಗ ಒಂದು ಚಾಪೆ, ಒಂದು ಶಾಲು ಇಟ್ಕೊಳ್ಳಿ, ರಾತ್ರಿ ಎರಡರ ಮೇಲೆ ಬಯಲುಸೀಮೆ ಗಾಳಿ ತಣ್ಣಗಿರುತ್ತೆ. ದುರ್ಯೋಧನನಿಗೆ ಹೊಟ್ಟೆ ತುಂಬ ನಗಿ, ಅವರೂ ಅದನ್ನೇ ಬಯಸ್ತಾರೆ. ಪಕ್ಕದಲ್ಲಿ ಅಜ್ಜ ಯಾರಾದರೂ ಇದ್ದರೆ ತಪ್ಪಿದ ಸಾಲು ಯಾವುದು ಅಂತ ಕೇಳಿ, ಹಾಡಿ ತೋರಿಸ್ತಾರೆ. ಫೋನು ಜೇಬಲ್ಲಿರಲಿ. ಮುಯ್ಯಿ ಕೊಡುವ ಮನಸ್ಸಾದರೆ ದ್ರೌಪದಿಗೆ ಕೊಡಿ. ನೋಟನ್ನು ಪಿನ್ ಹಾಕೋಕೆ ಹೋಗಬೇಡಿ, ಕೈಗೆ ಕೊಡಿ, ಹೆಸರು ಕೇಳಿ, ಆ ಹೆಸರನ್ನು ಮೈಕಲ್ಲಿ ಗಟ್ಟಿಯಾಗಿ ಕೂಗಿಸಿ.